ಮೊಬೈಲ್ ಕಡಿಮೆ ದರ ತೋರಿಸಿದಾಗ ವಿಮಾ ಏಜೆಂಟ್ ಏನು ಮಾಡಬೇಕು?

ಹುಬ್ಬಳ್ಳಿಯ ದುರ್ಗದ ಬೈಲಿನ ಒಂದು ಬಟ್ಟೆ ಅಂಗಡಿ. ಹದಿನಾಲ್ಕು ವರ್ಷಗಳಿಂದ ನನ್ನಲ್ಲೇ ಕಾರಿನ ವಿಮೆ ಮಾಡಿಸುತ್ತಿದ್ದ ಮಾಲೀಕರು ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲ್ ಇಟ್ಟು ನನ್ನ ಕಡೆ ತಿರುಗಿಸಿದರು. ‘ನೋಡಿ, ನೀವು ಹೇಳಿದ್ದಕ್ಕಿಂತ ಇಲ್ಲಿ 1,800 ರೂಪಾಯಿ ಕಡಿಮೆ ಇದೆ. ಏನು ಹೇಳುತ್ತೀರಿ?’

ಮೊದಲೆಲ್ಲ ಇಂಥ ಮಾತಿಗೆ ಸಿಟ್ಟು ಬರುತ್ತಿತ್ತು. ಈಗ ಕುರ್ಚಿ ಎಳೆದುಕೊಂಡು ಆ ಮೊಬೈಲನ್ನೇ ಓದುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಕಲಿಯಬೇಕಾದ ಮೊದಲ ವಿದ್ಯೆ ಇದೇ.

ದರವನ್ನು ಬಿಡಿಸಿ ತೋರಿಸಿ

ಕಾರು ವಿಮೆಯಲ್ಲಿ ಥರ್ಡ್ ಪಾರ್ಟಿ ಭಾಗದ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ ದರವನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000ದಿಂದ 1,500 ಸಿಸಿಯ ಖಾಸಗಿ ಕಾರಿಗೆ 3,416 ರೂಪಾಯಿ. ವಿಮೆ ಮಾರುವ ಜಾಲತಾಣವಾಗಲಿ, ಏಜೆಂಟ್ ಆಗಲಿ, ಇದನ್ನು ಒಂದು ರೂಪಾಯಿ ಇಳಿಸಲಾರರು. ಹಾಗಾದರೆ 1,800 ಎಲ್ಲಿ ಇಳಿಯಿತು? ಉಳಿದ ಭಾಗದಲ್ಲಿ ಹುಡುಕಬೇಕು. ಮೊದಲು ಐಡಿವಿ ನೋಡಿ. ಕಾರು ಕಳುವಾದರೆ ಅಥವಾ ಪೂರ್ತಿ ಜಖಂಗೊಂಡರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ನಂತರ ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಝೀರೊ ಡೆಪ್ರಿಸಿಯೇಷನ್ ಇದೆಯೇ, ಪ್ರತಿ ಕ್ಲೇಮಿನಲ್ಲಿ ಗ್ರಾಹಕರೇ ಭರಿಸಬೇಕಾದ ಮೊತ್ತ ಎಷ್ಟು, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಎಷ್ಟು ಹಿಡಿದಿದ್ದಾರೆ, ನೋಡಿ. ಬಟ್ಟೆ ಅಂಗಡಿಯವರ ಮೊಬೈಲಿನಲ್ಲಿ ಐಡಿವಿ 70,000 ರೂಪಾಯಿ ಕಡಿಮೆ ಇತ್ತು, ಝೀರೊ ಡೆಪ್ರಿಸಿಯೇಷನ್ ಇರಲೇ ಇಲ್ಲ. ಎರಡನ್ನೂ ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಾಗ ಅಂತರ 200 ರೂಪಾಯಿಗೆ ಇಳಿಯಿತು. ನನ್ನ ದರ ಆ 200 ರೂಪಾಯಿ ಹೆಚ್ಚೆಂಬುದನ್ನು ನಾನು ಒಪ್ಪಿಕೊಂಡೆ.

ಬೋನಸ್ಸಿನ ಬಗ್ಗೆ ವಿಶೇಷ ಎಚ್ಚರ ಬೇಕು. ಶೇ 20ರಿಂದ ಶೇ 50ರವರೆಗೆ ಸಿಗುವ ಈ ರಿಯಾಯಿತಿ ಸೇರುವುದು ಮಾಲೀಕನಿಗೆ, ವಾಹನಕ್ಕಲ್ಲ. ಹಳೆಯ ಕಾರು ಕೊಂಡವರು ಮಾರಿದವರ ಬೋನಸ್ಸನ್ನೇ ತಮ್ಮದೆಂದು ತಿಳಿದು ಗುಂಡಿ ಒತ್ತಿಬಿಡುತ್ತಾರೆ. ಆಗ ಪರದೆ ದರ ಇಳಿಸುತ್ತದೆ, ಹಣ ಪಡೆಯುತ್ತದೆ, ಪಾಲಿಸಿಯನ್ನೂ ಕಳಿಸುತ್ತದೆ. ತಕರಾರು ಏಳುವುದು ಕ್ಲೇಮ್ ಹಾಕಿದ ದಿನ. ಹಾಗಾಗಿ ಹಳೆಯ ಕಾರು ಕೊಂಡವರಿಗೆ ನಾನು ಮೊದಲು ಕೇಳುವುದು ‘ವಿಮೆ ನಿಮ್ಮ ಹೆಸರಿಗೆ ಆಗಿದೆಯೇ?’ ಎಂದು. ಅದಕ್ಕೆ ಹದಿನಾಲ್ಕು ದಿನಗಳ ಗಡುವಿದೆ.

ನಿಮ್ಮ ಬುಟ್ಟಿಯಲ್ಲಿ ಏನಿದೆ ಎಂದು ನೋಡಿಕೊಳ್ಳಿ

ಸಾಮಾನ್ಯ ಏಜೆಂಟರು ಒಂದು ಜೀವ ವಿಮೆ, ಒಂದು ಸಾಮಾನ್ಯ ವಿಮೆ ಮತ್ತು ಒಂದು ಆರೋಗ್ಯ ವಿಮೆ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ನಾಲ್ಕಾರು ಕಂಪನಿಗಳ ದರ ಎದುರಿಗಿಡಬೇಕೆಂದರೆ ಬ್ರೋಕರ್ ಸಂಸ್ಥೆಯ ಅಡಿ ಪಿಒಎಸ್‌ಪಿ (ಪಾಯಿಂಟ್ ಆಫ್ ಸೇಲ್ಸ್ ಪರ್ಸನ್, ಅಂದರೆ ಅದರ ಮಾರಾಟ ಪ್ರತಿನಿಧಿ) ಆಗುವ ದಾರಿ ಇದೆ. ಹತ್ತನೇ ತರಗತಿ ಪಾಸಾಗಿದ್ದು, ಹದಿನೈದು ಗಂಟೆಗಳ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಸಾಕು. ಬ್ರೋಕರ್ ಕೊಡುವ ಆ್ಯಪ್ ಹೆಚ್ಚುಕಡಿಮೆ ಜಾಲತಾಣಗಳ ಪರದೆಯನ್ನೇ ನಿಮ್ಮ ಕೈಗೂ ಕೊಡುತ್ತದೆ. ಯಂತ್ರದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ.

ಪರದೆಗೆ ಕಾಣದ ಕಡೆ ಹೋಗಿ

ಜಾಲತಾಣಗಳ ಕಣ್ಣು ಹೆಚ್ಚಾಗಿ ಬೈಕು, ಕಾರು, ಆರೋಗ್ಯ, ಟರ್ಮ್ (ನಿಗದಿತ ಅವಧಿಯ ಜೀವ ವಿಮೆ) ಪಾಲಿಸಿಗಳ ಮೇಲೆ. ನಮ್ಮ ಸೀಮೆಯಲ್ಲಿ ಅದರಾಚೆಗೂ ಕೆಲಸವಿದೆ. ಬೆಟಗೇರಿಯ ಮಗ್ಗಗಳಿವೆ, ಗದುಗಿನ ಮುದ್ರಣಾಲಯಗಳಿವೆ, ಬ್ಯಾಡಗಿಯ ಮೆಣಸಿನಕಾಯಿ ವಖಾರಿಗಳಿವೆ.

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಫೆಬ್ರುವರಿಯಲ್ಲಿ ಹೋಗಿದ್ದೆ. ಬಾಗಿಲಲ್ಲೇ ಕೆಮ್ಮು ಹತ್ತಿತು. ಚೀಲಗಳು ಸೂರಿನವರೆಗೆ ಏರಿದ್ದವು. ಪಾಲಿಸಿ ತೆಗೆದು ನೋಡಿದರೆ ವಿಮಾ ಮೊತ್ತ 20 ಲಕ್ಷ. ಅದನ್ನು ಮಾಡಿಸಿದ್ದು ಆಗಸ್ಟ್‌ನಲ್ಲಿ, ವಖಾರಿ ಅರ್ಧ ಖಾಲಿ ಇದ್ದಾಗ. ‘ಈಗ ಮಾಲು ಎಷ್ಟಿದೆ, ಕಾಕಾ?’ ಎಂದೆ. ‘ನಲವತ್ತರ ಮೇಲೆಯೇ ಇದೆ’ ಎಂದರು. ಚೀಟಿಯ ಹಿಂದೆ ಬರೆದು ತೋರಿಸಿದೆ: 40 ಲಕ್ಷದ ಮಾಲಿಗೆ 20 ಲಕ್ಷದ ವಿಮೆ ಇದ್ದಾಗ ಬೆಂಕಿಯಲ್ಲಿ 10 ಲಕ್ಷದ ಮಾಲು ಸುಟ್ಟರೆ ಕಂಪನಿ ಕೊಡುವುದು 5 ಲಕ್ಷ. ಮಾಲಿನ ಅರ್ಧಕ್ಕೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ. ಐದು ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಉದ್ದಿಮೆಗಳಿಗೆಂದು 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ, ಅದಕ್ಕಿಂತ ಹೆಚ್ಚನ್ನಲ್ಲ. ಕಾಕಾ ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ, ‘ಇನ್ನಷ್ಟು ಮಾಲು ಕೋಲ್ಡ್ ಸ್ಟೋರೇಜಿನಲ್ಲೂ ಇದೆ’ ಎಂದರು. ಆ ವಿಳಾಸ ಪಾಲಿಸಿಯಲ್ಲಿ ಇರಲಿಲ್ಲ. ಬರೆಯದ ವಿಳಾಸದ ಮಾಲಿಗೆ ವಿಮೆ ಇಲ್ಲ.

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು, ಗಲಭೆಯಲ್ಲಿ ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ಬಿದ್ದ ಮೇಲೆ ‘ಗಲಭೆಯ ನಷ್ಟವೂ ಸೇರುತ್ತದೆಯೇ?’ ಎಂದು ಕೇಳುವ ವರ್ತಕರಿದ್ದಾರೆ. ಭಾರತ್ ಸೂಕ್ಷ್ಮ ಪಾಲಿಸಿಯಲ್ಲಿ ಸೇರುತ್ತದೆ. ಷರತ್ತಿನ ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಆರೋಗ್ಯ ವಿಮೆಯ ಅರ್ಜಿಯನ್ನು ಪಕ್ಕದಲ್ಲಿ ಕೂತು ತುಂಬಿಸಿ

‘ಸಕ್ಕರೆ ಕಾಯಿಲೆ ಇದೆಯೇ’ ಎಂದು ಮೊಬೈಲ್ ಕೇಳಿದರೆ ಅನೇಕರ ಹೆಬ್ಬೆರಳು ‘ಇಲ್ಲ’ದ ಕಡೆಗೇ ಹೋಗುತ್ತದೆ. ಮನೆಯ ಹೆಂಗಸರು ಚಹಾ ತಂದಿಟ್ಟು ‘ಇವರು ಮಾತ್ರೆ ತೆಗೆದುಕೊಳ್ಳುತ್ತಾರಲ್ಲ’ ಎಂದು ಹೇಳಿಬಿಡುವುದು ನಿಮ್ಮ ಎದುರು ಮಾತ್ರ. ಅದನ್ನು ಬರೆಯಿರಿ. ಮೊದಲೇ ಇದ್ದ ಕಾಯಿಲೆಗೆ ವಿಮೆಯ ಹಣ ಸಿಗಲು ಕಾಯಬೇಕಾದ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ. ಮುಚ್ಚಿಟ್ಟರೆ ಕ್ಲೇಮಿನ ಜೊತೆ ಪಾಲಿಸಿಯೇ ರದ್ದಾಗಬಹುದು. ಕೊಠಡಿ ಬಾಡಿಗೆಯ ಮಿತಿಯನ್ನೂ ಹೇಳಿ. ದಿನಕ್ಕೆ 5,000 ಮಿತಿ ಇರುವವರು 10,000ದ ಕೊಠಡಿ ಹಿಡಿದರೆ ವೈದ್ಯರ ಶುಲ್ಕದಂಥ ಬಾಬತ್ತುಗಳಲ್ಲೂ ಅರ್ಧ ಕಡಿತವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಉಳಿದ ಆ ಹಣದಲ್ಲಿ ಮಿತಿ ಇಲ್ಲದ ಪಾಲಿಸಿ ಸಿಗುವುದೇ ನೋಡಿ ಎಂದು ನಾನು ಹೇಳುತ್ತೇನೆ.

ಕ್ಲೇಮಿನ ದಿನ ಹಾಜರಿರಿ

ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಿ ಗುದ್ದಿಸಿಕೊಂಡು ನಿಂತವರಿಗೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ದನಿಯಿಂದ ಸಮಾಧಾನವಾಗುವುದಿಲ್ಲ. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಪೊಲೀಸ್. ನಂತರ ಫೋಟೊ, ಕಂಪನಿಗೆ ಮಾಹಿತಿ. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ರಿಪೇರಿ ಬೇಡ. ಇಷ್ಟನ್ನು ಫೋನಿನಲ್ಲೇ ಹೇಳಿ, ಸಾಧ್ಯವಾದರೆ ನೀವೇ ಹೋಗಿ. ಆಸ್ಪತ್ರೆಯಾದರೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ವಿಮಾ ಡೆಸ್ಕಿನ ಮುಂದೆ ನಿಂತು ಇದನ್ನು ನೆನಪಿಸುವವರು ಬೇಕು. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಲು ನೆರವಾಗಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಹಾವೇರಿ ಕಡೆಯ ರೈತರು ಬೆಳೆ ವಿಮೆಯ ಬಗ್ಗೆ ಕೇಳಿದರೆ ‘ಅದು ನನ್ನದಲ್ಲ’ ಎನ್ನಬೇಡಿ. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂದು ಹೇಳಲು ಕಮಿಷನ್ ಏಕೆ ಬೇಕು?

ಕಮಿಷನ್ ಎಂದಾಗ ನೆನಪಾಯಿತು. ಮೊಬೈಲಿನ ದರಕ್ಕೆ ಸರಿಗಟ್ಟಲು ಕಮಿಷನ್ನನ್ನೇ ಗ್ರಾಹಕರ ಕೈಗೆ ಹಿಂತಿರುಗಿಸುವವರಿದ್ದಾರೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಅದು ಅಪರಾಧ; ದಂಡ 10 ಲಕ್ಷದವರೆಗೂ ಹೋಗಬಹುದು. ಕಾನೂನು ಬಿಡಿ, ಈ ವರ್ಷ ಕೊಟ್ಟದ್ದನ್ನು ಮುಂದಿನ ವರ್ಷ ಅವರೇ ಕೇಳಿ ಪಡೆಯುತ್ತಾರೆ.

ವಹಿ ಇಡಿ

ಜಾಲತಾಣ ಸಂದೇಶ ಕಳಿಸುತ್ತದೆ, ನೂರು ಸಂದೇಶಗಳ ನಡುವೆ ಅದೂ ಒಂದಾಗಿ ಹೋಗುತ್ತದೆ. ನೀವು ಫೋನ್ ಮಾಡಿ. ಆರೋಗ್ಯ ವಿಮೆಗೆ ಎರಡು ತಿಂಗಳು ಮೊದಲೇ ಮಾಡಿ. ಬೇರೆ ಕಂಪನಿಗೆ ಬದಲಾಗಬೇಕೆಂದರೆ ನವೀಕರಣಕ್ಕೆ 45 ದಿನ ಮುಂಚೆ ಅರ್ಜಿ ಹೋಗಬೇಕು. ವಾಹನ ವಿಮೆ ಮುಗಿದು 90 ದಿನ ದಾಟಿದರೆ ಗಳಿಸಿದ ಬೋನಸ್ ಹೋಗುತ್ತದೆ.

ಬಟ್ಟೆ ಅಂಗಡಿಯವರ ಮಗನ ಬೈಕಿಗೆ ಮೊಬೈಲ್ ತೋರಿಸಿದ ದರ ನಿಜಕ್ಕೂ ಕಡಿಮೆ ಇತ್ತು, ಕೊರತೆ ಏನೂ ಇರಲಿಲ್ಲ. ‘ಅಲ್ಲೇ ಮಾಡಿಸಪ್ಪ’ ಎಂದೆ. ನನ್ನ ಎದುರೇ ಹಣ ಕಟ್ಟಿದ. ಆ ಪಾಲಿಸಿ ಮುಗಿಯುವ ದಿನಾಂಕವನ್ನೂ ನನ್ನ ವಹಿಯಲ್ಲಿ ಅವನ ತಂದೆಯ ಕಾರಿನ ಸಾಲಿನ ಕೆಳಗೆ ಬರೆದುಕೊಂಡಿದ್ದೇನೆ.