ಪೀಸ್ ರೇಟ್ ನಿಜಕ್ಕೂ ಸಾಕಾಗುತ್ತಾ? ಮಣಿ ಎಣಿಸಿ ಕಂಡುಕೊಂಡಿದ್ದು

ಬುಟ್ಟಿಗೆ ಇಷ್ಟು ಅಂತ ಕೂಲಿ (ಪೀಸ್ ರೇಟ್) ಪಡೆದು ಮನೆಯಲ್ಲೇ ಬೆತ್ತದ ಬುಟ್ಟಿ ಹೆಣೆಯುವ ನಮ್ಮವರಿಗೆ ಲಿವಿಂಗ್ ವೇಜ್‌ನ, ಅಂದರೆ ಒಂದು ಕುಟುಂಬ ಮರ್ಯಾದೆಯಿಂದ ಬದುಕಲು ಬೇಕಾದ ಕೂಲಿಯ, ನೂರಕ್ಕೆ 105ರಷ್ಟು ಸಿಗುತ್ತಿದೆ ಅಂತ ಎಕ್ಸೆಲ್ ಶೀಟ್ ತೋರಿಸುತ್ತಿತ್ತು. ಒಂದು ಬುಟ್ಟಿಗೆ 70 ನಿಮಿಷ ಅಂತ ಅದರಲ್ಲಿ ಹಾಕಿತ್ತು. ಆ 70 ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಕಮ್ಮಿ ಅಲ್ವಾ ಅಂದರೆ, "ಅವರು ಪಾರ್ಟ್ ಟೈಮ್ ತಾನೇ" ಅನ್ನುವ ಉತ್ತರ ರೆಡಿ ಇರುತ್ತಿತ್ತು.

ಲಿವಿಂಗ್ ವೇಜ್ ಎಷ್ಟು ಅಂತ ಲೆಕ್ಕ ಹಾಕುವುದು ಅಷ್ಟು ಕಷ್ಟವಲ್ಲ. ಅದಕ್ಕೆಂದೇ ರಿಚರ್ಡ್ ಮತ್ತು ಮಾರ್ಥಾ ಆಂಕರ್ ದಂಪತಿ ರೂಪಿಸಿದ ವಿಧಾನದಲ್ಲೇ ಹೋದೆ: ಕುಟುಂಬದ ಊಟ, ಮನೆ, ಉಳಿದ ಖರ್ಚು, ಮೇಲೆ ಆಕಸ್ಮಿಕಕ್ಕೆ 5 ಪರ್ಸೆಂಟ್, ಆಮೇಲೆ ಆ ಮನೆಯಲ್ಲಿ ದುಡಿಯುವವರ ಸಂಖ್ಯೆಯಿಂದ ಭಾಗಾಕಾರ. ಅದನ್ನು ಗಂಟೆಯ ದರಕ್ಕೆ ಇಳಿಸಿಕೊಂಡೆ. ಕಷ್ಟ ಇರುವುದು ಇನ್ನೊಂದು ಕಡೆ: ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಗಂಟೆ ಎಷ್ಟು?

ಮೊದಲು ಡೈರಿ ಕೊಟ್ಟೆ. ವಾಪಸ್ ಬಂದ ಹಾಳೆಗಳಲ್ಲಿ ಮೂವತ್ತು ದಿನವೂ ಒಂದೇ ಅಂಕಿ, ಒಂದೇ ಪೆನ್ನು. ಕೊನೇ ಸಂಜೆ ಕೂತು ತುಂಬಿಸಿದ್ದು. ಆಮೇಲೆ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ಕೂತೆ. ಒಬ್ಬರು ನೀರು ಕುಡಿಯಲೂ ಏಳದೆ 52 ನಿಮಿಷಕ್ಕೆ ಬುಟ್ಟಿ ಮುಗಿಸಿದರು. ಅಂಚು ಕಟ್ಟುವಾಗ ಬೆತ್ತದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು, ಬೆರಳು ಕುಯ್ದುಕೊಂಡಿತು, ಬಟ್ಟೆ ಸುತ್ತಿಕೊಂಡು ಹಾಗೇ ಮುಂದುವರಿಸಿದರು. ನಾನಿದ್ದೇನೆ ಅಂತ ಓಡಿಸಿದ ಕೈ ಅದು. ಆ ಅಂಕಿಯನ್ನು ನಾನು ಎಲ್ಲೂ ಬಳಸಲಿಲ್ಲ. ಈ ಎರಡು ಸೋಲಿಗೇ ವರ್ಷದ ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಹೋಯಿತು. ದುಡ್ಡು ಕೊಡುವವರು ಇನ್ನು ಸಾಕು ಅಂದರು.

ಉಳಿದ ದುಡ್ಡಿನಲ್ಲಿ ಮಣಿ ಮತ್ತು ಬಾಟಲಿ ತಂದೆ. ಕೆಲಸ ಹಿಡಿದ ಪ್ರತಿ ಅರ್ಧ ಗಂಟೆಗೆ ಒಂದು ಮಣಿ ಬಾಟಲಿಗೆ. ಹೆಣೆಯುವುದಕ್ಕೆ ಕೆಂಪು, ಬೆತ್ತ ಸೀಳಿ, ಹೆರೆದು, ಆರಿಸುವುದಕ್ಕೆ ಹಸಿರು, ಮಾಲು ತರಲು, ಕೊಡಲು, ಕಾಯಲು ಹಳದಿ, ಬಿಚ್ಚಿ ಮತ್ತೆ ಮಾಡುವುದಕ್ಕೆ ನೀಲಿ, ಮನೆಯವರು ಕೈ ಹಾಕಿದರೆ ಬಿಳಿ. ಬೆತ್ತ ನೀರಲ್ಲಿ ನೆನೆಯುವ ಹೊತ್ತಿಗೆ ಮಣಿ ಇಲ್ಲ, ಆಗ ಅವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ದಿನದ ಲೆಕ್ಕ ಬೇಡ ಅಂತ ಬಿಟ್ಟೆ. ಬೆತ್ತ ಕೈಗೆ ಕೊಟ್ಟ ದಿನದಿಂದ ಬುಟ್ಟಿ ಪಾಸಾದ ದಿನದವರೆಗೆ ಒಮ್ಮೆಗೆ ಕೊಟ್ಟ ಇಡೀ ಮಾಲಿಗೆ, ಅಂದರೆ ಲಾಟ್‌ಗೆ, ಒಂದೇ ಬಾಟಲಿ. ಎಷ್ಟೇ ಮಣಿ ಬಿದ್ದರೂ ಭಾಗವಹಿಸಿದ್ದಕ್ಕೆ ಎಲ್ಲರಿಗೂ ಒಂದೇ ಮೊತ್ತ ಕೊಟ್ಟೆ. ಇದನ್ನು ತಪ್ಪಿಸಬೇಡಿ. ಸುಮ್ನೆ ಹಾಕಿದ ಮಣಿ ಪತ್ತೆಹಚ್ಚಲು ನನ್ನದೊಂದು ಉಪಾಯ ಇದೆ. ಅದನ್ನು ಬರೆದರೆ ಆಮೇಲೆ ಕೆಲಸಕ್ಕೆ ಬಾರದು, ಹಾಗಾಗಿ ಬರೆಯುವುದಿಲ್ಲ.

"ಮಣಿ ಆಟ" ಅಂದವರ ಮುಂದೆಯೇ ಬಾಟಲಿ ಸುರಿದು ಎಣಿಸಿದೆ. ಹದಿನೈದು ಜನ, ಮೂರು ಲಾಟ್. ನೆನಪಿನಿಂದ ಹೇಳುತ್ತೇನೆ: ಬುಟ್ಟಿಗೆ ಹೆಣೆಯಲು 72 ನಿಮಿಷ, ತಯಾರಿಗೆ 20, ಮಾಲಿನ ಓಡಾಟಕ್ಕೆ 13, ವಾಪಸ್ ಬಂದದ್ದನ್ನು ಸರಿ ಮಾಡಲು 8. ಹತ್ತಿರ ಹತ್ತಿರ 113. ಬಿಳಿ ಮಣಿಯನ್ನೂ ಆಯಾ ಕೆಲಸಕ್ಕೇ ಸೇರಿಸಿದ್ದೇನೆ. ಅಂದರೆ 70 ಸುಳ್ಳಲ್ಲ, ಉಳಿದ ಮುಕ್ಕಾಲು ಗಂಟೆ ಲೆಕ್ಕಕ್ಕೇ ಬಂದಿರಲಿಲ್ಲ. 105 ಅನ್ನುವುದು 65ಕ್ಕೆ ಇಳಿಯಿತು. ಪೂರ್ತಿ ಕೆಲಸ ಸಿಗುತ್ತಿದ್ದದ್ದು ವರ್ಷಕ್ಕೆ ಎಂಟು ತಿಂಗಳು ಮಾತ್ರ. ಅದನ್ನೂ ಹಿಡಿದರೆ 43. ಸಾಲಕ್ಕೆ ಬೆತ್ತ ತಂದವರ ಬಡ್ಡಿ ಬೇರೆ. ಕರಕುಶಲ ವಸ್ತುಗಳಿಗೆ, ಕೇಳಿದರೆ, ಕೊಳ್ಳುವವರು ಕನಿಷ್ಠ 50 ಪರ್ಸೆಂಟ್ ಬಡ್ಡಿಯಿಲ್ಲದ ಮುಂಗಡ ಕೊಡಬೇಕು ಅಂತ, ನ್ಯಾಯಯುತ ವ್ಯಾಪಾರ ಮಾಡುವವರ ಜಾಗತಿಕ ಒಕ್ಕೂಟವಾದ ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಶನ್‌ನ ತತ್ವಗಳಲ್ಲೇ ಇದೆ. ನಮ್ಮಲ್ಲಿ ಕೇಳಬಹುದು ಅನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಮಧ್ಯೆ ಇನ್ನೊಂದನ್ನೂ ನೋಡಿದೆ. ಅದೇ ಕೈ, ಅದೇ ಅಳತೆಯ ಬುಟ್ಟಿ, ರಾತ್ರಿ ದೀಪದಲ್ಲಿ ಸುಮಾರು ಐದನೇ ಒಂದು ಭಾಗ ನಿಧಾನ. ಒಳ್ಳೆ ದೀಪ ಕೊಟ್ಟ ಮೇಲೆ ಆ ವ್ಯತ್ಯಾಸ ಅರ್ಧಕ್ಕೆ ಇಳಿಯಿತು, ನೀಲಿ ಮಣಿಯೂ ಕಮ್ಮಿಯಾಯಿತು.

ಕೂಲಿಯನ್ನು ಅರ್ಧದಷ್ಟು ಏರಿಸಬೇಕು ಅಂದಾಗ ಕೊಳ್ಳುವವರು ಗಾಬರಿಯಾದರು. ಅಂಗಡಿ ಬೆಲೆ ಕಾಲು ಭಾಗ ಏರುತ್ತದೆ ಅಂದರು. ಹೌದು, ಪ್ರತಿಯೊಬ್ಬರೂ ತಮ್ಮ ಲಾಭವನ್ನು ಪರ್ಸೆಂಟ್ ಲೆಕ್ಕದಲ್ಲೇ ಸೇರಿಸಿದರೆ ಏರುತ್ತದೆ. ಆದರೆ ಅಂಗಡಿ ಬೆಲೆಯಲ್ಲಿ ಹೆಣೆದವರ ಕೂಲಿ ಆರನೇ ಒಂದು ಭಾಗ. ಏರಿಸಿದ ಮೊತ್ತವನ್ನಷ್ಟೇ ಹಾಗೇ ಮುಂದೆ ದಾಟಿಸಿದರೆ ಏರುವುದು 8 ಪರ್ಸೆಂಟ್. ಕೂಲಿ ಏರಿಕೆಗೆ ಬಿಲ್‌ನಲ್ಲಿ ಬೇರೆ ಸಾಲು ಹಾಕಿ, ಅದರ ಮೇಲೆ ಲಾಭ ಕಟ್ಟಬೇಡಿ ಅಂತ ಕೇಳಿಕೊಂಡೆ. ಮೂವರಲ್ಲಿ ಇಬ್ಬರು ಒಪ್ಪಿದರು. ಮೂರನೆಯವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ಈಗ ಗಂಟೆಯ ದರ ಲಿವಿಂಗ್ ವೇಜ್‌ನ ನೂರಕ್ಕೆ 97ರ ಹತ್ತಿರ ಬಂದಿದೆ. ದೊಡ್ಡ ಆರ್ಡರ್‌ಗಳನ್ನು ಒಡೆದು ಮೊದಲೇ ಕೊಡುವಂತೆ ಮಾಡಿದ್ದರಿಂದ ಕೆಲಸ ಹತ್ತು ತಿಂಗಳಿಗೆ ಹರಡಿತು. ವರ್ಷದ ಲೆಕ್ಕದಲ್ಲಿ ಅದು 81. ಉಳಿದ ಎರಡು ತಿಂಗಳಿಗೆ ಆರ್ಡರ್ ಹುಡುಕುತ್ತಿದ್ದೇನೆ.