ಕೊಡಗಿನ ಮಳೆಯಲ್ಲಿ ಸೇನೆಯ ಡೈವ್ ವಾಚುಗಳು

ಕೊಡಗಿನಲ್ಲಿ ಸೇನೆಯ ಮಾತೆತ್ತಿದರೆ ಕೋವಿ, ರೆಜಿಮೆಂಟು, ಕಾರ್ಯಪ್ಪ, ತಿಮ್ಮಯ್ಯ. ಅಮ್ಮತ್ತಿ ಕಡೆಯ ಕಾಫಿ ತೋಟದಲ್ಲಿರುವ ನನಗೆ ಸಮುದ್ರದ ವಾಚುಗಳ ಹುಚ್ಚು ಹಿಡಿಸಿದವರು ಕೊಚ್ಚಿಯ ನೌಕಾಪಡೆ ಡೈವಿಂಗ್ ಶಾಲೆಯಲ್ಲಿ ತರಬೇತಿ ಪಡೆದಿದ್ದ ನೆರೆಯವರೊಬ್ಬರು. ನೀರಿಗಿಳಿಯುವಾಗ ಬೆಝೆಲ್‌ನ, ಅಂದರೆ ಗಾಜಿನ ಸುತ್ತ ತಿರುಗುವ ಉಂಗುರದ, ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟರೆ ಎಷ್ಟು ಹೊತ್ತಾಯಿತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಳದಲ್ಲಿ ಹೊತ್ತು ಕಳೆದಷ್ಟೂ ಮೈಯಲ್ಲಿ ಸಾರಜನಕ ಕರಗುತ್ತ ಹೋಗುತ್ತದೆ. ಲೆಕ್ಕ ತಪ್ಪಿ ಸರ್ರನೆ ಮೇಲೆ ಬಂದರೆ ಅದು ಗುಳ್ಳೆಯಾಗಿ ಜೀವಕ್ಕೇ ಸಂಚಕಾರ. ಇದನ್ನು ಕೇಳಿದ ಮೇಲೆ ಆ ಉಂಗುರವನ್ನು ಅಲಂಕಾರವೆಂದು ನೋಡಲು ನನಗೆ ಆಗಲೇ ಇಲ್ಲ.

1930ರ ದಶಕದಲ್ಲಿ ಇಟಲಿಯ ನೌಕಾಪಡೆಗೆಂದು ಪನೆರಾಯ್ ರೂಪಿಸಿದ ವಾಚಿಗೆ ಅಂಥ ಬೆಝೆಲ್ ಇರಲಿಲ್ಲ. ಅದು ಬೇಕೇ ಬೇಕೆಂದವರು ಫ್ರಾನ್ಸಿನ ಸಮರ ಈಜುಗಾರರ ಪಡೆ ಕಟ್ಟಿದ ರಾಬರ್ಟ್ ಮಾಲುಬಿಯೆ ಮತ್ತು ಕ್ಲೋಡ್ ರಿಫೋ. ಅವರ ಕೈಗೆ ಬಂದದ್ದು ಬ್ಲಾಂಪೇನ್ ಕಂಪನಿಯ 1953ರ ಫಿಫ್ಟಿ ಫ್ಯಾಥಮ್ಸ್ ವಾಚು. ಐವತ್ತು ಫ್ಯಾಥಮ್ ಅಂದರೆ ಸುಮಾರು 91 ಮೀಟರ್. ಅದರ ಮುಂದಿನ ಸೇನಾ ಮಾದರಿಯ ಡಯಲ್‌ನಲ್ಲಿ, 6ರ ಮೇಲೆ, ತೇವ ಒಳಹೊಕ್ಕರೆ ಬಣ್ಣ ಬದಲಿಸುವ ಪುಟ್ಟ ಬಿಲ್ಲೆಯಿತ್ತು. ಮಳೆನಾಡಿನವನಾದ ನನಗೆ ವಾಚಿನ ಚರಿತ್ರೆಯಲ್ಲೇ ಅತಿ ಪ್ರಿಯವಾದ ಉಪಾಯ ಅದು.

ಅಂಥ ವಾಚಿನ ಬೆಲೆ ನಮ್ಮ ಕೈಗೆಟುಕುವುದಿಲ್ಲ. ನಾನು ಕೂಡಿಸಿದ್ದು ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೈನಿಕರು ಸ್ವಂತ ದುಡ್ಡಲ್ಲಿ ಕೊಂಡು ಕಟ್ಟುತ್ತಿದ್ದ ಸೀಕೋ 6105, ಬ್ರಿಟಿಷ್ ನೌಕಾಪಡೆಗೆ ಸಿಡಬ್ಲ್ಯುಸಿ ಕಂಪನಿ ಮಾಡಿದ ವಾಚು, ಇಂಥವು. ಕೈಗೆ ಬಂದೊಡನೆ ತಿರುಗಿಸಿ ಬೆನ್ನು ಓದುತ್ತೇನೆ. ಬ್ರಿಟಿಷ್ ವಾಚಾದರೆ ಸರ್ಕಾರಿ ಸೊತ್ತೆಂದು ಸೂಚಿಸುವ ಅಗಲ ಬಾಣದ ಗುರುತು, 6645-99 ಎಂಬ ಅಂಕಿ, ವರ್ಷ ಇರಬೇಕು: 6645 ಕಾಲಮಾಪಕಗಳ ವರ್ಗ, 99 ಬ್ರಿಟನ್. ಆದರೆ ಕೆತ್ತನೆಯನ್ನು ಯಾರು ಬೇಕಾದರೂ ಮಾಡಬಹುದು. ನಾನು ಹೆಚ್ಚು ನಂಬುವುದು ಡಯಲನ್ನು. ವೃತ್ತದೊಳಗಿನ ‘ಟಿ’ ಅಂದರೆ ಟ್ರಿಟಿಯಂ, ಕತ್ತಲಲ್ಲಿ ಬೆಳಗಲೆಂದು ಡಯಲ್‌ನ ಬಣ್ಣಕ್ಕೆ ಸೇರಿಸುತ್ತಿದ್ದ ವಿಕಿರಣ ವಸ್ತು. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಸವೆಯಲು ಹಿಡಿಯುವ ಕಾಲ, ಸುಮಾರು 12.3 ವರ್ಷ. 1980ರ ಆಸುಪಾಸಿನ ಡಯಲ್‌ನಲ್ಲಿ ಈಗ ಉಳಿದಿರುವುದು ಹತ್ತನೇ ಒಂದು ಪಾಲಿಗೂ ಕಡಿಮೆ. ಟಾರ್ಚ್ ಬಿಟ್ಟು ಆರಿಸಿದ ಮೇಲೂ ಅದು ಹಸಿರಾಗಿ ಬಹಳ ಹೊತ್ತು ಬೆಳಗಿದರೆ ಯಾರೋ ಹೊಸ ಬಣ್ಣ ಬಳಿದಿದ್ದಾರೆ ಎಂದೇ ಲೆಕ್ಕ. ಬೆಳಗುವ ಬಣ್ಣಕ್ಕೆ ರೇಡಿಯಂ ಬೆರೆಸಿದ ಡಯಲ್ ನಾನು ಕೊಳ್ಳುವುದೇ ಇಲ್ಲ. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಅದರ ಅರ್ಧಾಯುಷ್ಯ 1600 ವರ್ಷ. ವಾಚು ಬಿಚ್ಚಿದರೆ ಧೂಳು ಶ್ವಾಸಕ್ಕೆ ಹೋಗುತ್ತದೆ.

ಕೈಲ್‌ಪೊಳ್ದ್‌ಗೆ ಕೋವಿ ಉಜ್ಜಿ ಪೂಜೆಗಿಡುವ ಊರಿನಲ್ಲಿ ವಾಚಿಗೂ ಪಾಲಿಶ್ ಹಾಕಿಸು ಅನ್ನುವವರು ಸಿಗುತ್ತಾರೆ. ಹಾಕಿಸುವುದಿಲ್ಲ. ಪಾಲಿಶ್‌ಗೆ ಕೇಸಿನ ಅಂಚು ಕರಗುತ್ತದೆ, ಕೆತ್ತನೆ ತೆಳುವಾಗುತ್ತದೆ. ಒಮ್ಮೆ ಹೋದ ಲೋಹ ಮತ್ತೆ ಬಾರದು.

ಇಲ್ಲಿ ನಿಜವಾದ ಕಷ್ಟ ಜೂನ್‌ನಿಂದ. ಸಮುದ್ರಕ್ಕೆಂದೇ ಮಾಡಿದ ವಾಚಿಗೆ ಮಳೆ ಏನು ಮಾಡೀತು ಅಂದುಕೊಳ್ಳಬೇಡಿ: ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಒಣಗಿ ಗಡುಸಾಗಿದ್ದರೆ ಹಬೆಗಾಳಿಯೇ ಸಾಕು. ಮಳೆ ಹಿಡಿಯುವ ಮುಂಚೆ ಪ್ರತಿ ವಾಚನ್ನೂ ಅಂಗೈಯಲ್ಲಿ ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣೀರಿನ ಹನಿ ಇಡುತ್ತೇನೆ. ಹನಿ ಒರೆಸಿದಾಗ ಗಾಜಿನೊಳಗೆ ಮಂಜು ಕಂಡರೆ ತೇವ ಸೇರಿದೆ, ಕೂಡಲೇ ಮೈಸೂರಿನ ರಿಪೇರಿಗೆ. ಉಳಿದವು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯೊಳಕ್ಕೆ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇಕಡ 50ರ ಆಸುಪಾಸಿನಲ್ಲಿದ್ದರೆ ಸಮಾಧಾನ. ಚರ್ಮದ ಪಟ್ಟಿ ಬೇಡವೇ ಬೇಡ, ಬೂಸ್ಟು ಹಿಡಿಯುತ್ತದೆ. ಈ ಬ್ರಿಟಿಷ್ ವಾಚುಗಳ ಪಟ್ಟಿಯ ಕಡ್ಡಿ ಕೇಸಿಗೇ ಬೆಸೆದಿರುವುದರಿಂದ ಹೇಗೂ ಅಡಿಯಿಂದ ತೂರಿಸುವ ನೈಲಾನ್ ಪಟ್ಟಿಯೇ ಬೇಕು.

ಈಗ ಹುಡುಕುತ್ತಿರುವುದು 1970ರ ದಶಕದ ಬೆನ್ರಸ್ ಟೈಪ್ 1 ಎಂಬ ಡೈವ್ ವಾಚು. ಅಮೆರಿಕದ ಸೇನೆಗೆಂದು ಮಾಡಿದ ಆ ಡಯಲ್‌ನಲ್ಲಿ ಕಂಪನಿಯ ಹೆಸರೂ ಇಲ್ಲ.