ಹೆಸರು ಹಿಡಿದು ಕೂಗಿದ ರಾತ್ರಿ

ಜುಲೈ 26 ಹತ್ತಿರವಾದರೆ ಕಾರ್ಗಿಲ್ ಬಗ್ಗೆ ಮಾತಾಡಿ ಎಂದು ಶಾಲೆಗಳವರು ಕರೆಯುತ್ತಾರೆ. ವೇದಿಕೆ ಹತ್ತಿ ಅರ್ಧಂಬರ್ಧ ಹೇಳಿ ಇಳಿಯುತ್ತೇನೆ. ಬಿಟ್ಟುಹೋದದ್ದು ಇಷ್ಟು.

1999ರ ಜೂನ್‌ನಲ್ಲಿ ನಾನು ಹವಾಲ್ದಾರ್, ಡ್ರಾಸ್ ವಲಯದಲ್ಲಿ ಸೆಕ್ಷನ್ ಕಮಾಂಡರ್. ನನ್ನನ್ನೂ ಸೇರಿಸಿ ಹತ್ತು ಜನ. ಶ್ರೀನಗರ–ಲೇಹ್ ಹೆದ್ದಾರಿ ಅಂಗೈಯಂತೆ ಕಾಣುವ ಶಿಖರಗಳ ಮೇಲೆ ಶತ್ರು ಕಲ್ಲು ಪೇರಿಸಿ ಸಂಗರ್ ಎಂಬ ಮರೆಗೋಡೆ ಕಟ್ಟಿಕೊಂಡು ಕೂತಿದ್ದ. ಆ ಎತ್ತರದಲ್ಲಿ ಬಾಗಿ ಬೂಟಿನ ಲೇಸು ಕಟ್ಟಿದರೂ ಏದುಸಿರು. ಮರೆಗೆ ಒಂದು ಮರವಿಲ್ಲ, ಪೊದೆಯಿಲ್ಲ. ಹಾಗಾಗಿ ಹತ್ತುವುದೆಲ್ಲ ರಾತ್ರಿ. ಬೆಳಕು ಹರಿಯುವುದರೊಳಗೆ ಮೇಲೆ ಸೇರದಿದ್ದರೆ ಹಗಲಿಡೀ ಬೋಳು ಇಳಿಜಾರಿನಲ್ಲಿ ಬಿದ್ದಿರಬೇಕು, ಅವರ ಕಣ್ಣೆದುರಿಗೇ.

ಹೊರಡುವ ಮೊದಲು ಒಬ್ಬೊಬ್ಬನ ಚೀಲವನ್ನೂ ಬಿಚ್ಚಿಸಿದೆ. ಒಂದು ಪೊಟ್ಟಣ ಶಕ್ಕರ್‌ಪಾರೆ, ಒಂದು ಬಾಟಲಿ ನೀರು. ಉಳಿದ ಭಾರವೆಲ್ಲ ಮ್ಯಾಗಜೀನು, ಗ್ರೆನೇಡು. ನೀರು ಮುಗಿದ ಮೇಲೆ ಹಿಮ ತಿಂದೆವು. ಶೆಲ್ ಬಿದ್ದೂ ಬಿದ್ದೂ ಅದಕ್ಕೂ ಮದ್ದಿನ ವಾಸನೆ ಹತ್ತಿತ್ತು.

ನಮ್ಮ ಬೋಫೋರ್ಸ್ ಫಿರಂಗಿಯ ಶೆಲ್ ಮೇಲೆ ಬೀಳುತ್ತಿರುವಷ್ಟು ಹೊತ್ತು ಸಂಗರಿನೊಳಗಿನವನು ತಲೆ ಎತ್ತುವುದಿಲ್ಲ. ಆದರೆ ನಾವು ಹತ್ತಿರವಾದಂತೆ ಆ ಫೈರ್ ನಿಲ್ಲಿಸಲೇಬೇಕು, ಇಲ್ಲವಾದರೆ ಅದು ನಮ್ಮ ತಲೆ ಮೇಲೇ. ನಿಂತಿತು. ಐದಾರು ಉಸಿರು ಎಳೆದುಕೊಂಡಿರಬೇಕು, ಎಡಗಡೆಯಿಂದ ಮೆಷಿನ್‌ಗನ್ ಶುರುವಾಯಿತು.

ಮೊದಲ ತಪ್ಪು ನನ್ನದೇ. ಕೈಗೆ ಸಿಕ್ಕ ದೊಡ್ಡ ಬಂಡೆಯ ಹಿಂದೆ ಬಿದ್ದೆ. ಹುಡುಗರೂ ನನ್ನ ಹಿಂದೆಯೇ ಬಂದರು. ಆರು ಜನ ಒಂದೇ ಬಂಡೆಗೆ! ‘ಹರಡಿಕೊಳ್ಳಿ’ ಎಂದು ತರಬೇತಿಯಲ್ಲಿ ಗಂಟಲು ಹರಿದುಕೊಂಡವನೇ ನಾನು. ಬಂಡೆಯ ಅಂಚಿನಲ್ಲಿದ್ದವನ ತೊಡೆಗೆ ಗುಂಡು ಹೊಕ್ಕಿತು. ‘ಆಗೇ ಬಢೋ’ ಎಂದು ಕಿರುಚಿದೆ. ಒಬ್ಬನೂ ಅಲುಗಲಿಲ್ಲ. ಅವರನ್ನು ಪುಕ್ಕಲರು ಅನ್ನಬೇಡಿ. ಆ ಸದ್ದಿನಲ್ಲಿ ಎಲ್ಲರಿಗೂ ಹೇಳಿದ ಮಾತು ಪಕ್ಕದವನಿಗೆ ಹೇಳಿದ ಹಾಗೆ ಕೇಳಿಸುತ್ತದೆ.

ತೆವಳಿಕೊಂಡು ಹೋಗಿ ಎಲ್‌ಎಂಜಿ, ಅಂದರೆ ಲೈಟ್ ಮೆಷಿನ್‌ಗನ್ ಹಿಡಿದಿದ್ದ ನಮ್ಮ ಹುಡುಗನ ಕಾಲರ್ ಹಿಡಿದೆ. ಕಿವಿಗೆ ಬಾಯಿಟ್ಟು ಅವನ ಹೆಸರು ಕೂಗಿ, ಕಿಡಿ ಹಾರುತ್ತಿದ್ದ ಕಿಂಡಿಯ ಕಡೆಗೆ ಗನ್ನಿನ ಮೂತಿಯನ್ನು ನಾನೇ ತಿರುಗಿಸಿದೆ. ‘ಅಲ್ಲಿಗೇ ಹೊಡಿ, ಸಣ್ಣ ಸಣ್ಣ ಬರ್ಸ್ಟ್.’ ಎರಡನೇ ಬರ್ಸ್ಟಿಗೆ ಅವನ ಕೈನಡುಕ ನಿಂತಿತು. ಮೂವರನ್ನು ಹೆಸರು ಹಿಡಿದು ಕರೆದು ಬಲಕ್ಕೆ, ಒಬ್ಬೊಬ್ಬನಿಗೆ ಒಂದೊಂದು ಕಲ್ಲು ತೋರಿಸಿ ಅಟ್ಟಿದೆ. ಗಾಯಗೊಂಡವನ ತೊಡೆಗೆ ಫೀಲ್ಡ್ ಡ್ರೆಸ್ಸಿಂಗ್ ಬಿಗಿದೆ. ‘ಉಸ್ತಾದ್, ಬಿಟ್ಟು ಹೋಗ್ತೀರಾ?’ ಅಂದ. ರೈಫಲ್ ಅವನ ಎದೆ ಮೇಲಿಟ್ಟು ಹೋದೆ. ಉತ್ತರ ಕೊಡಲಿಲ್ಲ.

ಏರಿನ ಮೇಲಕ್ಕೆ ಗ್ರೆನೇಡ್ ಎಸೆಯುವುದರಲ್ಲಿ ಒಂದು ಫಜೀತಿಯಿದೆ. ಲಿವರ್ ಬಿಟ್ಟ ಮೇಲೆ ಸಿಗುವುದು ನಾಲ್ಕು ಸೆಕೆಂಡು. ಗುರಿ ತಪ್ಪಿದರೆ ಅದು ಉರುಳಿ ಎಸೆದವನ ಹತ್ತಿರವೇ ಬರುತ್ತದೆ. ನನ್ನ ಮೊದಲನೆಯದು ಗೋಡೆಗೆ ತಾಗಿ, ಪಕ್ಕದಿಂದಲೇ ಉರುಳಿ ಕೆಳಗೆ ಸಿಡಿಯಿತು. ಆಮೇಲೆ ಕಿಂಡಿಯ ಬುಡಕ್ಕೇ ತೆವಳಿ, ಎರಡನೆಯದನ್ನು ತೋಳು ನೀಡಿ ಒಳಗೆ ಹಾಕಿದೆ. ಗನ್ ನಿಂತಿತು.

ತಿರುಗಿ ನೋಡಿದರೆ ನನ್ನ ಜೊತೆ ಬಂದಿದ್ದ ರಾಜಸ್ಥಾನದ ಹುಡುಗ ಇನ್ನೂ ಮುಖ ಮಣ್ಣಿಗೆ ಹಚ್ಚಿಕೊಂಡಿದ್ದ. ಅಷ್ಟು ವರ್ಷ ಹಿಂದಿಯಲ್ಲೇ ಹುಕುಂ ಕೊಟ್ಟವನ ಬಾಯಿಂದ ‘ಏಳೋ ಮಾರಾಯ, ಏಳೋ!’ ಎಂದು ಬಂತು. ಅವನು ಎದ್ದ. ಉಳಿದವರೂ ಎದ್ದರು.

ಗಾಯಗೊಂಡವನನ್ನು ಹೆಗಲ ಮೇಲೆ ಇಳಿಸಿದಾಗ ಮಧ್ಯಾಹ್ನ. ಕಾಲು ಉಳಿಯಿತು, ಕುಂಟು ಹೋಗಲಿಲ್ಲ. ರಾಜಸ್ಥಾನದವನಿಗೆ ಕನ್ನಡದಲ್ಲಿ ಗೊತ್ತಿರುವುದು ಅದೊಂದೇ ಮಾತು. ಈಗಲೂ ಫೋನ್ ಎತ್ತಿದ ಕೂಡಲೇ ಆ ಕಡೆಯಿಂದ ‘ಏಳೋ ಮಾರಾಯ’ ಅನ್ನುತ್ತಾನೆ.